ಬಚ್ಚಲುಮನೆಯ ಸೌನಾ, ಹಜಾರದ ಯೋಗಾಸನ: ಎರಡನ್ನೂ ಮನೆಯಲ್ಲೇ ಜೋಡಿಸುವ ಬಗೆ

ಜುಲೈನಲ್ಲಿ ಚಿಕ್ಕಮಗಳೂರಿನ ಆಲ್ದೂರಿನ ಕಡೆ ಬಂದು ನೋಡಿ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೂ ಬಟ್ಟೆ ಒಣಗುವುದಿಲ್ಲ, ಯೋಗದ ಮ್ಯಾಟ್ ಬಿಚ್ಚಿದರೆ ಬೂಷ್ಟಿನ ವಾಸನೆ, ಬೆಳಿಗ್ಗೆ ಎದ್ದರೆ ಸೊಂಟ ಹಲಗೆಯಾಗಿರುತ್ತದೆ. ನನಗೆ ಸೌನಾ, ಅಂದರೆ ಬಿಸಿ ಕೋಣೆಯಲ್ಲಿ ಕೂತು ಬೆವರುವ ಹುಚ್ಚು, ಹಿಡಿದದ್ದು ಇಂಥದ್ದೊಂದು ಮಳೆಗಾಲದಲ್ಲೇ. ಬಿಸಿಯಲ್ಲಿ ಕೂತು ಮೈ ಸಡಿಲ ಮಾಡಿಕೊಂಡು ಆಮೇಲೆ ಆಸನ ಹಾಕಿದರೆ ಎಷ್ಟು ಚೆನ್ನ ಅಲ್ವಾ ಅಂದುಕೊಂಡು ಒಂದು ಸ್ಟೀಮ್ ಟೆಂಟ್, ಅಂದರೆ ಒಳಗೆ ಆವಿ ತುಂಬುವ ಬಟ್ಟೆಯ ಗೂಡು, ತರಿಸಿದೆ.

ಮೊದಲ ದಿನವೇ ಪಾಠ ಆಯಿತು. ಇಪ್ಪತ್ತೈದು ನಿಮಿಷ ಟೆಂಟಿನೊಳಗೆ ಕೂತು, ಹೊರಗೆ ಬಂದವಳೇ ಪಾದಹಸ್ತಾಸನಕ್ಕೆ ಬಗ್ಗಿದೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ನೆಲ ಮುಟ್ಟದ ಅಂಗೈ ಆವತ್ತು ಆರಾಮಾಗಿ ಮುಟ್ಟಿತು. ಖುಷಿಯಲ್ಲಿ ಸರಕ್ಕನೆ ಎದ್ದು ನಿಂತೆ. ಕಣ್ಣು ಕತ್ತಲೆ ಬಂತು. ಹಂಡೆಯ ಕಂಠ ಕೈಗೆ ಸಿಕ್ಕಿದ್ದಕ್ಕೆ ಬೀಳಲಿಲ್ಲ ಅಷ್ಟೆ. ಮರುದಿನ ತೊಡೆಯ ಹಿಂದೆ, ಕೂರುವ ಮೂಳೆಯ ಹತ್ತಿರ ಒಂದು ನೋವು ಶುರುವಾಯಿತು ನೋಡಿ, ಅದು ಹೋಗಲು ಮೂರು ತಿಂಗಳು ಬೇಕಾಯಿತು.

ತಪ್ಪು ಟೆಂಟಿನದ್ದಲ್ಲ, ಆಸನದ್ದೂ ಅಲ್ಲ. ನಾನು ಹಿಡಿದ ಕ್ರಮದ್ದು. ಬಿಸಿಯಲ್ಲಿ ಕೂತಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಜಾಸ್ತಿಯಾಗಿ ಮೈಯ ಹೊರಭಾಗಕ್ಕೆ ಹರಿಯುತ್ತದೆ, ಬಿಪಿ ಇಳಿಯುತ್ತದೆ. ಆಗ ತಲೆ ಕೆಳಗೆ ಮಾಡಿ ಥಟ್ಟನೆ ಎದ್ದರೆ ಮಿದುಳಿಗೆ ಒಂದು ಕ್ಷಣ ರಕ್ತ ಸಾಲುವುದಿಲ್ಲ. ಇನ್ನೊಂದು, ಬಿಸಿಯಾದ ಸ್ನಾಯು ಜಾಸ್ತಿ ಹಿಗ್ಗುತ್ತದೆ, ಜೊತೆಗೆ ನೋವೂ ಕಡಿಮೆ ಗೊತ್ತಾಗುತ್ತದೆ. ಅಂದರೆ "ಸಾಕು, ನಿಲ್ಲಿಸು" ಅಂತ ಮೈ ಕೂಗಿದರೂ ನಿಮಗೆ ಕೇಳಿಸುವುದಿಲ್ಲ. ಅದಕ್ಕೇ ಈಗ ನಮ್ಮ ಮನೆಯ ಕ್ರಮ ಹೀಗೆ: ಬೆವರಿಳಿಸುವ ಆಸನ ಮೊದಲು, ಬಿಸಿ ಆಮೇಲೆ, ಬಿಸಿ ಮುಗಿದು ಮೈ ಆರಿದ ಮೇಲೆ ಮಲಗಿ ಮಾಡುವಂಥದ್ದು ಮಾತ್ರ. ಇದನ್ನೇ ಕೆಳಗೆ ಬಿಡಿಸಿ ಹೇಳುತ್ತೇನೆ.

ಎರಡು ಬೆಂಕಿ

ಯೋಗ ಗುರು ಪಟ್ಟಾಭಿ ಜೋಯಿಸರು ನಮ್ಮ ಪಕ್ಕದ ಹಾಸನ ಜಿಲ್ಲೆಯವರು. ಹಾಸನದ ಹತ್ತಿರದ ಕೌಶಿಕ ಅವರ ಊರು, ಹುಟ್ಟಿದ್ದು 1915ರಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ, 1927ರಲ್ಲಿ, ಹಾಸನದ ಜುಬಿಲಿ ಹಾಲ್‌ನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ ಅವರ ಶಿಷ್ಯರಾದರು. ಮುಂದೆ ಮೈಸೂರಿನಿಂದ ಪ್ರಪಂಚಕ್ಕೆಲ್ಲ ಹಬ್ಬಿದ ಅಷ್ಟಾಂಗ ವಿನ್ಯಾಸ ಯೋಗ ಅವರದ್ದೇ. ಆ ಪದ್ಧತಿಯಲ್ಲಿ ಕೋಣೆಗೆ ಹೀಟರ್ ಬೇಕಿಲ್ಲ. ಉಸಿರು, ಚಲನೆ ಎರಡನ್ನೂ ಹೊಂದಿಸಿ ಮೈಯೊಳಗೇ ಬಿಸಿ ಹುಟ್ಟಿಸುತ್ತಾರೆ. ಚಳಿಗಾಲದ ಬೆಳಿಗ್ಗೆ ಐದಕ್ಕೂ ಬೆವರು ಕಿತ್ತುಕೊಂಡು ಬರುತ್ತದೆ.

ಸೌನಾ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ನೀವು ಸುಮ್ನೆ ಕೂರುತ್ತೀರಿ, ಬಿಸಿ ಹೊರಗಿಂದ ಬರುತ್ತದೆ. ಆದರೆ ನಿಮ್ಮ ಹೃದಯಕ್ಕೆ ಬೆಂಕಿ ಒಳಗಿನದೋ ಹೊರಗಿನದೋ ಗೊತ್ತಾಗುವುದಿಲ್ಲ. ಎರಡಕ್ಕೂ ಅದು ಜೋರಾಗಿ ಬಡಿದುಕೊಳ್ಳುತ್ತದೆ. ಸುಮ್ನೆ ಕೂತಿದ್ದರೂ ಸೌನಾದಲ್ಲಿ ನಾಡಿ ನಿಮಿಷಕ್ಕೆ 100 ದಾಟುತ್ತದೆ, ಕೆಲವರಿಗೆ 150ರ ಹತ್ತಿರ ಹೋಗುತ್ತದೆ. ಅದರ ಮೇಲೆ ಸೂರ್ಯನಮಸ್ಕಾರ ಬೇರೆ ಹಾಕಿದರೆ?

"ಹಾಟ್ ಯೋಗ ಮಾಡುತ್ತಾರಲ್ಲ" ಅಂತ ಕೇಳುತ್ತೀರಿ. ಮಾಡುತ್ತಾರೆ. ಆದರೆ ಆ ಕ್ಲಾಸುಗಳಲ್ಲಿ ಕೋಣೆ ಇರುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್, ಹೇಳಿಕೊಡುವವರು ಎದುರಿಗೇ ಇರುತ್ತಾರೆ. ಫಿನ್ಲೆಂಡ್ ಮಾದರಿಯ ಸೌನಾ 80ರಿಂದ 100 ಡಿಗ್ರಿ. ಅದರೊಳಗೆ ವೀರಭದ್ರಾಸನ ಹಾಕಿಕೊಂಡು ಫೋಟೋ ತೆಗೆಸುವವರನ್ನು ನೋಡಿ ಮರುಳಾಗಬೇಡಿ.

ಸೌನಾ ಅಂದರೆ ಏನು, ನಮ್ಮಲ್ಲಿ ಏನಿತ್ತು

ಕೆಲವರು "ಸಾನಾ" ಅನ್ನುತ್ತಾರೆ. ಫಿನ್ಲೆಂಡಿನವರ ಬಾಯಲ್ಲಿ ಅದು "ಸೌನಾ", ನಮ್ಮ ಲಿಪಿಯಲ್ಲಿ ಬರೆದಂತೆಯೇ. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಸೌನಾಗಳೇ 30 ಲಕ್ಷದಷ್ಟಿವೆ. 2020ರಲ್ಲಿ ಯುನೆಸ್ಕೊ ಅವರ ಸೌನಾ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಕೋಣೆ, ಒಂದು ಒಲೆ, ಒಲೆಯ ಮೇಲೆ ಕಲ್ಲು. ಕಾದ ಕಲ್ಲಿನ ಮೇಲೆ ಸೌಟಿನಲ್ಲಿ ನೀರು ಎರಚಿದಾಗ ಭಗ್ಗನೆ ಏಳುವ ಆವಿಗೆ ಅವರು "ಲೊಯ್ಲು" ಅನ್ನುತ್ತಾರೆ. ಆ ಪದಕ್ಕೆ ಹಿಂದೆ ಉಸಿರು, ಪ್ರಾಣ ಅನ್ನುವ ಅರ್ಥವೇ ಇತ್ತಂತೆ. ಪ್ರಾಣಾಯಾಮದವರಿಗೆ ಇದು ಇಷ್ಟವಾಗಬಹುದು.

ನಮ್ಮಲ್ಲಿ ಇರಲಿಲ್ಲವಾ? ಇತ್ತು. ಚರಕ ಸಂಹಿತೆಯಲ್ಲಿ ಸ್ವೇದನದ, ಅಂದರೆ ಬೆವರಿಳಿಸುವ ಚಿಕಿತ್ಸೆಯ, ಬಗೆಗಳಲ್ಲಿ ಜೇಂತಾಕ ಸ್ವೇದ ಅಂತ ಒಂದಿದೆ. ದುಂಡಗಿನ ಮನೆ, ಗೋಡೆಯ ಸುತ್ತ ಕೂರಲು ಜಗಲಿ, ನಡುವೆ ಮಣ್ಣಿನ ಒಲೆ. ಖದಿರ, ಅಂದರೆ ನಮ್ಮ ಕಾಚಿನ ಮರದ ಸೌದೆ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ಮೈಗೆ ಎಣ್ಣೆ ಹಚ್ಚಿಕೊಂಡವರು ಒಳಗೆ ಹೋಗಬೇಕು. ಹೊರಗೆ ಬಂದ ತಕ್ಷಣ ತಣ್ಣೀರು ಮುಟ್ಟಬಾರದು, ಒಂದು ಮುಹೂರ್ತ (48 ನಿಮಿಷ) ಕಾದು, ಮೈ ಆರಿದ ಮೇಲೆ ಹದವಾದ ಬಿಸಿನೀರಲ್ಲಿ ಮಿಂದು ಊಟ ಮಾಡಬೇಕು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬಾಣಂತಿ ಸ್ನಾನ. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಕಂಬಳಿ ಹೊದಿಸಿ ಬೆವರುವ ತನಕ ಮಲಗಿಸುತ್ತಿದ್ದರಲ್ಲ, ಅದರಲ್ಲಿ ಬಿಸಿಯೂ ಇತ್ತು, ಶವಾಸನವೂ ಇತ್ತು.

ಯಾರಿಗೆ ಬೇಡ

ಇದನ್ನು ಹಾರಿಸಿ ಓದಬೇಡಿ. ಗರ್ಭಿಣಿಯರಿಗೆ ಬೇಡ, ಅದರಲ್ಲೂ ಮೊದಲ ಮೂರು ತಿಂಗಳು ಖಂಡಿತ ಬೇಡ. ಎದೆನೋವು ಇರುವವರು, ಇತ್ತೀಚೆಗೆ ಹೃದಯಾಘಾತ ಆದವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಜ್ವರ ಅಥವಾ ಭೇದಿ ಇರುವವರು, ಕುಡಿದವರು, ಹಿಂದಿನ ರಾತ್ರಿ ಕುಡಿದದ್ದು ಇನ್ನೂ ಇಳಿಯದವರು, ಯಾರೂ ಬೇಡ. ಬಿಪಿ ಮಾತ್ರೆ, ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕೂರಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಅದು ನೆನಪಿರಲಿ. ಮಗುವಿಗಾಗಿ ಕಾಯುತ್ತಿರುವ ಗಂಡಸರೂ ಸ್ವಲ್ಪ ದಿನ ದೂರ ಇರುವುದು ಒಳ್ಳೆಯದು, ಬಿಸಿಗೆ ವೀರ್ಯಾಣು ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಮುಟ್ಟಿನ ದಿನಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಆಗದು ಅಂತೇನಿಲ್ಲ, ಆದರೆ ಸ್ರಾವ ಜಾಸ್ತಿ ಇದ್ದು ತಲೆ ಸುತ್ತುವಂತಿದ್ದರೆ ಬಿಡಿ.

ಬಿಸಿ ಎಲ್ಲಿಂದ ತರುವುದು

ಅಗ್ಗದ್ದು ಸ್ಟೀಮ್ ಟೆಂಟ್. ಒಂದು ಬಟ್ಟೆಯ ಗೂಡು, ಒಳಗೆ ಮಡಚುವ ಕುರ್ಚಿ, ಹೊರಗೆ ಕುಕ್ಕರ್ ಥರದ ಒಂದು ಪಾತ್ರೆ. ಅದರಿಂದ ಪೈಪಿನಲ್ಲಿ ಆವಿ ಬರುತ್ತದೆ. ತಲೆ ಹೊರಗೆ ಇರುವ ಟೆಂಟೇ ಕೊಳ್ಳಿ. ನಮ್ಮ ಆಯುರ್ವೇದದ ಬಾಷ್ಪ ಸ್ವೇದದ ಪೆಟ್ಟಿಗೆಯಲ್ಲೂ ತಲೆ ಹೊರಗೇ ಇರುತ್ತದೆ, ಅದಕ್ಕೆ ಕಾರಣ ಇದೆ: ತಲೆ ತಂಪಾಗಿದ್ದರೆ ಎಷ್ಟೋ ತಡೆಯಬಹುದು. 1000 ವ್ಯಾಟಿನ ಪಾತ್ರೆ ಅರ್ಧ ಗಂಟೆ ಓಡಿದರೆ ಅರ್ಧ ಯೂನಿಟ್ ಕರೆಂಟು, ಅಷ್ಟೆ. ಒಳಗೆ 40ರಿಂದ 45 ಡಿಗ್ರಿ. "ಅಷ್ಟೇನಾ" ಅನ್ನಬೇಡಿ. ಒಣ ಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ, ಆದ್ದರಿಂದ 80 ಡಿಗ್ರಿಯನ್ನೂ ಹತ್ತು ನಿಮಿಷ ತಡೆಯುತ್ತೇವೆ. ಆವಿ ತುಂಬಿದ ಕಡೆ ಬೆವರು ಆರುವುದೇ ಇಲ್ಲ, ಮೈಮೇಲೆ ಸುಮ್ನೆ ಇಳಿಯುತ್ತದೆ. ಅಲ್ಲಿ 45 ಡಿಗ್ರಿಯೇ ಜಾಸ್ತಿ. ಪೈಪಿನ ಬಾಯಿ ಕಾಲಿಗೆ ತಾಗದ ಹಾಗೆ ನೋಡಿಕೊಳ್ಳಿ, ಆವಿಯ ಸುಟ್ಟಗಾಯ ಬಹಳ ಕೆಟ್ಟದ್ದು.

ಇನ್ಫ್ರಾರೆಡ್ ಕ್ಯಾಬಿನ್ ಇನ್ನೊಂದು. 45ರಿಂದ 60 ಡಿಗ್ರಿ, ಗಾಳಿಗಿಂತ ನೇರ ಮೈಯನ್ನೇ ಬಿಸಿ ಮಾಡುತ್ತದೆ. ಮಲೆನಾಡಿನ ತೇವಕ್ಕೆ ಇದು ಅನುಕೂಲ, ಆವಿಯ ರಗಳೆ ಇಲ್ಲ. ಆದರೆ ಜಾಗ ಬೇಕು, ದುಡ್ಡು ಬೇಕು.

ನಿಜವಾದ ಸೌನಾ ಕಟ್ಟಿಸುವ ಆಸೆ ಇದ್ದರೆ ಲೆಕ್ಕ ಕೇಳಿ. ಒಂದು ಘನ ಮೀಟರಿಗೆ ಒಂದು ಕಿಲೋವ್ಯಾಟ್ ಅಂತ ಸ್ಥೂಲ ಅಂದಾಜು. ಐದಡಿ ಉದ್ದ, ಐದಡಿ ಅಗಲ, ಏಳಡಿ ಎತ್ತರದ ಕೋಣೆ ಅಂದರೆ ಸುಮಾರು 5 ಘನ ಮೀಟರ್, ಹೀಟರ್ 5ರಿಂದ 6 ಕಿಲೋವ್ಯಾಟ್ ಬೇಕು. 6 ಕಿಲೋವ್ಯಾಟ್ ಅಂದರೆ 26 ಆಂಪಿಯರ್. ಮನೆಯ 16 ಆಂಪಿಯರಿನ ಸಾಕೆಟ್ಟಿಗೆ ಇದು ಆಗದ ಮಾತು. ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು, ಚಿಕ್ಕಮಗಳೂರಿನವರು ಮೆಸ್ಕಾಂಗೆ, ಹಾಸನದವರು ಚೆಸ್ಕಾಂಗೆ ಅರ್ಜಿ ಹಾಕಬೇಕು. ಬೇರೆಯೇ ವೈರಿಂಗ್, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ (ಆರ್‌ಸಿಸಿಬಿ), ಇವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು. ಟೈಲ್ಸ್ ಹಾಕಿದ ಬಾತ್‌ರೂಮಿಗೆ ಹೀಟರ್ ತಂದಿಟ್ಟರೆ ಸೌನಾ ಆಗುವುದಿಲ್ಲ, ಗೋಡೆಯೇ ಬಿಸಿಯನ್ನೆಲ್ಲ ನುಂಗುತ್ತದೆ. ಒಳಗೆ ಹಗುರ ಮರದ ಹಲಗೆ ಹೊಡೆಸಬೇಕು. ಬೀಟೆ, ಹೊನ್ನೆಯಂಥ ಗಟ್ಟಿ ಮರ ಚೆಂದ ಕಾಣುತ್ತದೆ, ಕೂತರೆ ಸುಡುತ್ತದೆ. ಮೊಳೆಯ ತಲೆ ಹಲಗೆಯೊಳಗೆ ಹುದುಗಿರಲಿ. ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಇರಲೇಬಾರದು.

ಕಲ್ಲಿನ ವಿಷಯ ಒಂದು. ಹೊಳೆಯಿಂದ ದುಂಡು ಕಲ್ಲು ಆರಿಸಿ ತಂದು ಒಲೆಗೆ ಹಾಕಬೇಡಿ, ಒಳಗೆ ನೀರು ಸೇರಿದ್ದರೆ ಕಾದಾಗ ಸಿಡಿಯುತ್ತದೆ. ಹೀಟರಿನ ಜೊತೆ ಬಂದ ಕಲ್ಲನ್ನೇ ಬಳಸಿ. ಫಿನ್ಲೆಂಡಿನಲ್ಲಿ ಒಲೆಗಳಿಗೆ ಬಳಪದ ಕಲ್ಲನ್ನೂ ಬಳಸುತ್ತಾರೆ, ಅದು ಕಾವು ಬಹಳ ಹೊತ್ತು ಹಿಡಿದಿಡುತ್ತದೆ. ಬೇಲೂರು, ಹಳೇಬೀಡಿನ ಶಿಲಾಬಾಲಿಕೆಯರೂ ಅದೇ ಜಾತಿಯ ಕಲ್ಲಿನವರು ಅಂತ ಗೊತ್ತಾದಾಗ ನನಗೆ ಸುಮ್ನೆ ನಗು ಬಂತು. ಅಲ್ಲಿ ಮೃದು ಅಂತ ಕೆತ್ತಿದರು, ಇಲ್ಲಿ ಬಿಸಿ ಹಿಡಿಯುತ್ತದೆ ಅಂತ ಕಾಯಿಸುತ್ತಾರೆ.

ಕೊನೆಯದು, ಖರ್ಚೇ ಇಲ್ಲದ್ದು, ನಮ್ಮ ಹಳೇ ಬಚ್ಚಲುಮನೆ. ಒಲೆಯ ಬಾಯಿ ಹೊರಗಿದ್ದು, ಹಂಡೆ ಮಾತ್ರ ಒಳಗಿರುವಂಥ ಬಚ್ಚಲು ನಿಮ್ಮದಾದರೆ ಅದೃಷ್ಟವಂತರು. ಹಂಡೆ ಮುಚ್ಚಳ ತೆಗೆದು, ನೀರು ಮರಳುವ ತನಕ ಕಾಯಿಸಿದರೆ ಒಂದು ಗಂಟೆಯಲ್ಲಿ ಬಚ್ಚಲು ಬೆಚ್ಚಗಾಗುತ್ತದೆ. ನಮ್ಮದರಲ್ಲಿ ಥರ್ಮಾಮೀಟರ್ ನೇತುಹಾಕಿ ನೋಡಿದೆ, 38 ಡಿಗ್ರಿ ಬಂತು. ಹೊಸಬರಿಗೆ ಅಷ್ಟು ಸಾಕು.

ಆದರೆ ಒಲೆಯ ಬಾಯಿ ಒಳಗೇ ಇದ್ದರೆ ಬಾಗಿಲು ಹಾಕಿಕೊಂಡು ಕೂರಲೇಬೇಡಿ. ಕೆಂಡದ ಶೆಗಡಿ ತಂದಿಟ್ಟುಕೊಳ್ಳಬೇಡಿ. ಗ್ಯಾಸ್ ಗೀಸರ್ ಒಳಗಿರುವ ಬಾತ್‌ರೂಮಿನಲ್ಲೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಏಳಬೇಕೆಂದರೂ ಕಾಲು ಏಳುವುದಿಲ್ಲ. ಸೌನಾದ ಮಂಪರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗದೇ ಇರುವುದೇ ದೊಡ್ಡ ಅಪಾಯ. ಚರಕ ಹೊಗೆ ಹೋದ ಮೇಲೆ ಒಳಗೆ ಹೋಗು ಅಂದದ್ದು, ಫಿನ್ಲೆಂಡಿನ ಹಳೇ ಹೊಗೆ ಸೌನಾದಲ್ಲಿ ಬೆಂಕಿ ಪೂರ್ತಿ ಆರಿಸಿ, ಹೊಗೆ ಹೊರಗೆ ಬಿಟ್ಟು ಆಮೇಲೆ ಜನ ಒಳಗೆ ಹೋಗುತ್ತಿದ್ದದ್ದು, ಎರಡೂ ಒಂದೇ ಬುದ್ಧಿ. ಹೇಗೇ ಇರಲಿ, ಮೇಲಿನ ಗವಾಕ್ಷಿ ಮುಚ್ಚಬೇಡಿ.

ಒಂದು ಸಂಜೆಯ ಕ್ರಮ

ನಾನು ಸಂಜೆಯೇ ಮಾಡುವುದು. ಬಿಸಿಯಾದ ಮೈ ನಿಧಾನವಾಗಿ ತಣ್ಣಗಾಗುವಾಗ ನಿದ್ದೆ ಚೆನ್ನಾಗಿ ಬರುತ್ತದೆ, ಅದಕ್ಕೆ ಮಲಗುವ ಒಂದೆರಡು ಗಂಟೆ ಮೊದಲು ಮುಗಿಸಿದರೆ ಸರಿ. ಬೆಳಿಗ್ಗೆ ಮಾಡಿ ತೋಟಕ್ಕೋ ಆಫೀಸಿಗೋ ಓಡುವವರಿಗೆ ಇದು ಹೇಳಿಸಿದ್ದಲ್ಲ.

ಮಧ್ಯಾಹ್ನದ ಊಟ ಆಗಿ ಮೂರು ಗಂಟೆಯಾದರೂ ಆಗಿರಬೇಕು. ನಾಲ್ಕಕ್ಕೆ ಒಂದು ಹಿಡಿ ಅವಲಕ್ಕಿ ತಿಂದರೆ ಅಡ್ಡಿಯಿಲ್ಲ. ಕಾಫಿ ಬೇಡ ಅಂತ ಹೇಳುವುದು ಈ ಊರಿನಲ್ಲಿ ಸುಲಭ ಅಲ್ಲ, ಆದರೂ ಆ ಸಂಜೆಯ ಲೋಟ ಬಿಡಿ, ಹೃದಯಕ್ಕೆ ಆವತ್ತು ಬೇರೆ ಕೆಲಸ ಇದೆ. ಐದೂವರೆಗೆ ಎರಡು ಲೋಟ ನೀರು ಕುಡಿಯಿರಿ. ತೂಕದ ಮಷಿನ್ ಇದ್ದರೆ ತೂಕ ನೋಡಿ ಬರೆದಿಡಿ. ಮನೆಯಲ್ಲಿ ಇನ್ನೊಬ್ಬರು ಇರಬೇಕು, ನೀವು ಏನು ಮಾಡುತ್ತಿದ್ದೀರಿ ಅಂತ ಅವರಿಗೆ ಗೊತ್ತಿರಬೇಕು.

ಐದೂಮುಕ್ಕಾಲರಿಂದ ಆಸನ, ಅರ್ಧ ಗಂಟೆ. ಮಾರ್ಜಾಲಾಸನದಿಂದ ಬೆನ್ನು ಬಿಡಿಸಿ, ನಾಲ್ಕರಿಂದ ಆರು ನಿಧಾನ ಸೂರ್ಯನಮಸ್ಕಾರ, ತ್ರಿಕೋನಾಸನ, ವೀರಭದ್ರಾಸನ, ವೃಕ್ಷಾಸನ. ಸರ್ವಾಂಗಾಸನ, ಶೀರ್ಷಾಸನ ರೂಢಿ ಇರುವವರು ಈಗಲೇ ಮುಗಿಸಿಕೊಳ್ಳಿ, ಬಿಸಿಯಾದ ಮೇಲೆ ಅವುಗಳ ಹೆಸರೆತ್ತಬೇಡಿ. ಬ್ಯಾಲೆನ್ಸ್ ಬೇಕಾದದ್ದು, ಬಲ ಬೇಕಾದದ್ದು, ತಲೆ ಕೆಳಗಾಗುವುದು, ಎಲ್ಲ ಈ ಪಾಲಿಗೆ. ಪೂರ್ತಿ ದಣಿಯಬಾರದು. ಇನ್ನೂ ಎರಡು ಸುತ್ತು ಹಾಕಬಹುದಿತ್ತು ಅನಿಸುವಾಗ ನಿಲ್ಲಿಸಿ. ಜೋರು ಉಸಿರಾಟದ ಭಸ್ತ್ರಿಕಾ, ಕಪಾಲಭಾತಿಯನ್ನು ನಾನು ಈ ದಿನ ಮಾಡುವುದೇ ಇಲ್ಲ, ಬೆಳಗಿನ ಪಾಲಿಗೆ ಬಿಟ್ಟಿದ್ದೇನೆ.

ಆಮೇಲೆ ಹತ್ತು ನಿಮಿಷ ಮಕರಾಸನ, ಅಂದರೆ ಬೋರಲು ಮಲಗಿ ಮೈ ಸಡಿಲ ಬಿಡುವುದು. ಎಲ್ಲರೂ ಹಾರಿಸುವ ಹೆಜ್ಜೆ ಇದೇ. ಬೆವರು ಆರಲಿ, ಉಸಿರು ಇಳಿಯಲಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. 90ರ ಕೆಳಗೆ ಬಂದ ಮೇಲೆ ಏಳಿ. ಬರಲಿಲ್ಲವಾ, ಇನ್ನೈದು ನಿಮಿಷ ಮಲಗಿ. ಒಳಗಿನ ಬೆಂಕಿ ಆರದೆ ಹೊರಗಿನದು ಹಚ್ಚಬಾರದು.

ಎದ್ದು ಬೆಚ್ಚಗಿನ ನೀರಲ್ಲಿ ಮೈ ತೊಳೆದು ಒರೆಸಿಕೊಳ್ಳಿ. ಒಡವೆ ತೆಗೆದಿಡಿ, ಒಣ ಸೌನಾದಲ್ಲಿ ಚಿನ್ನವೂ ಸುಡುತ್ತದೆ. ನಮ್ಮ ಅತ್ತೆ ತಾಳಿ ತೆಗೆಯುವುದಿಲ್ಲ ಅಂದರು. ಸರ ಕಳಚಿಟ್ಟು ಅರಿಸಿನದ ದಾರಕ್ಕೆ ತಾಳಿ ಪೋಣಿಸಿ, ಮೇಲೆ ಒದ್ದೆ ಹತ್ತಿ ಬಟ್ಟೆ ಸುತ್ತಿಕೊಂಡರು. ಅವರ ಉಪಾಯ ನನಗೆ ಹೊಳೆದಿರಲಿಲ್ಲ. ಹತ್ತಿ ಪಂಚೆ ಅಥವಾ ತೆಳು ಟವೆಲ್ ಸಾಕು, ಜಿಮ್ ಬಟ್ಟೆ ಬೇಡ. ಎಣ್ಣೆ ಹಚ್ಚಿಕೊಳ್ಳಬಹುದಾ? ಟೆಂಟಿನಲ್ಲಿ, ಬಚ್ಚಲಲ್ಲಿ ತೆಳುವಾಗಿ ಹಚ್ಚಬಹುದು. ಮರದ ಸೌನಾದಲ್ಲಿ ಹಲಗೆ ಹಾಳಾಗುತ್ತದೆ. ಪಾದಕ್ಕೆ ಮಾತ್ರ ಎಲ್ಲೂ ಬೇಡ. ಎಣ್ಣೆಗಾಲಲ್ಲಿ ಕಾವಿ ನೆಲದ ಮೇಲೆ ನಡೆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಒಳಗೆ

ಮೊದಲ ವಾರ ಐದರಿಂದ ಎಂಟು ನಿಮಿಷ. ರೂಢಿಯಾದ ಮೇಲೆ ಹತ್ತು, ಹದಿನೈದು. ಹದಿನೈದರ ಮೇಲೆ ನಾನು ಹೋಗುವುದಿಲ್ಲ. ಮೊಬೈಲು ಒಳಗೆ ತರಬೇಡಿ, ಹೊತ್ತಾದಾಗ ಹೊರಗಿನವರು ಕೂಗಿ ಹೇಳಲಿ.

ಒಳಗೆ ಮಾಡುವ ಯೋಗ ಇಷ್ಟೇ: ಬೆನ್ನು ನೇರ ಮಾಡಿ ಕೂರುವುದು. ಜಾಗ ಇದ್ದರೆ ಸುಖಾಸನ, ಇಲ್ಲದಿದ್ದರೆ ಕುರ್ಚಿಯ ಮೇಲೆ ಕೂತು ಪಾದ ನೆಲಕ್ಕೆ ಊರಿ. ಕಣ್ಣು ಮುಚ್ಚಿ, ಮೂಗಿನಿಂದ ಸಹಜ ಉಸಿರು, ಎಣಿಕೆ ಒಂದರಿಂದ ಹತ್ತು, ಮತ್ತೆ ಒಂದು. ಗಾಳಿ ಮೂಗು ಸುಡುವಂತಿದ್ದರೆ ಒದ್ದೆ ಬಟ್ಟೆ ಹಿಡಿದುಕೊಳ್ಳಿ. ಬೇಕಾದರೆ ಕುತ್ತಿಗೆ ನಿಧಾನವಾಗಿ ಆ ಕಡೆ ಈ ಕಡೆ, ಭುಜ ಮೇಲೆ ಕೆಳಗೆ, ಪಾದ ಗಿರಗಿರ. ಕುಂಭಕ, ಅಂದರೆ ಉಸಿರು ಹಿಡಿಯುವುದು, ಬೇಡ. ಜೋರು ಉಸಿರಾಟ ಬೇಡ, ಬಿಪಿ ಇಳಿದಿರುವಾಗ ಜೋರಾಗಿ ಉಸಿರಾಡಿದರೆ ಎಚ್ಚರ ತಪ್ಪುವುದು ಸುಲಭ. ಶೀತಲಿ ತಂಪಿನ ಪ್ರಾಣಾಯಾಮ ಅಲ್ವಾ ಅಂತ ಒಳಗೆ ಶುರುಮಾಡಬೇಡಿ, ಬಿಸಿ ಗಾಳಿಯನ್ನು ನಾಲಿಗೆಯ ಮೇಲಿಂದ ಎಳೆದುಕೊಂಡರೆ ತಂಪೆಲ್ಲಿಂದ ಬರಬೇಕು?

ತಲೆ ಸಿಡಿಯುವುದು, ವಾಕರಿಕೆ, ಎದೆ ಡವಡವ, ಬಿಸಿಯಲ್ಲಿ ಕೂತಿದ್ದೂ ಚಳಿ ಬಂದ ಹಾಗೆ ಮೈ ಜುಮ್ಮೆನ್ನುವುದು, ಬರುತ್ತಿದ್ದ ಬೆವರು ನಿಲ್ಲುವುದು, ಇವುಗಳಲ್ಲಿ ಒಂದು ಕಂಡರೂ ಹೊರಗೆ ಬನ್ನಿ. ಹೊರಗೆ ಬಂದು ಮೈ ತಂಪು ಮಾಡಿಕೊಂಡ ಮೇಲೂ ಮಾತು ತೊದಲಿದರೆ, ಗಲಿಬಿಲಿ ಇದ್ದರೆ, ಆಸ್ಪತ್ರೆಗೆ ಹೋಗಬೇಕು, ಕಾಯಬಾರದು. ಏಳುವಾಗ ಮೊದಲು ಅಂಚಿಗೆ ಬಂದು ಕಾಲು ಕೆಳಗಿಟ್ಟು ಒಂದು ನಿಮಿಷ ಕೂರಿ, ಆಮೇಲೆ ಏನಾದರೂ ಹಿಡಿದು ಏಳಿ.

ಪಂದ್ಯ ಕಟ್ಟಬೇಡಿ. ನಮ್ಮನೆಯವರು ಮತ್ತು ಅವರ ಭಾವ ಒಂದು ದೀಪಾವಳಿಗೆ ಯಾರು ಜಾಸ್ತಿ ಹೊತ್ತು ಕೂರುತ್ತಾರೆ ಅಂತ ಶುರುಮಾಡಿದ್ದರು. ನಾನು ಫಿನ್ಲೆಂಡಿನ ಕಥೆ ಹೇಳಿದೆ. ಅಲ್ಲಿ ಹೈನೊಲಾ ಎಂಬ ಊರಿನಲ್ಲಿ ವಿಶ್ವ ಸೌನಾ ಪಂದ್ಯವೇ ನಡೆಯುತ್ತಿತ್ತು, 110 ಡಿಗ್ರಿಯಲ್ಲಿ. 2010ರ ಫೈನಲ್‌ನಲ್ಲಿ ಒಬ್ಬರು ಸತ್ತರು, ಪಂದ್ಯ ಶಾಶ್ವತವಾಗಿ ನಿಂತಿತು. ಸೌನಾದಲ್ಲೇ ಬೆಳೆದವರ ದೇಶದಲ್ಲೇ ಹೀಗಾಯಿತು. ಇಬ್ಬರೂ ಎದ್ದು ಹೊರಗೆ ಬಂದರು.

ಆರುವ ಹೊತ್ತು

ಬಿಸಿಯಲ್ಲಿ ಕೂತಷ್ಟೇ ಹೊತ್ತು ಹೊರಗೂ ಕೂರಬೇಕು, ಕಡಿಮೆ ಮಾಡಬೇಡಿ. ಜಗಲಿಯ ಮೇಲೆ, ಗಾಳಿ ಆಡುವ ಕಡೆ, ಟವೆಲ್ ಹೊದ್ದು. ಫಿನ್ಲೆಂಡಿನವರು ಕೆರೆಗೆ ಹಾರುತ್ತಾರೆ, ಹಿಮದಲ್ಲಿ ಹೊರಳುತ್ತಾರೆ. ಚರಕ ತಣ್ಣೀರು ಮುಟ್ಟಬೇಡ ಅನ್ನುತ್ತಾನೆ. ನಾನು ಚರಕನ ಪಕ್ಷ. ನಮ್ಮ ಬಾವಿ ನೀರು ಡಿಸೆಂಬರಿನಲ್ಲಿ ಕೈ ಇಟ್ಟರೆ ಕಚ್ಚುತ್ತದೆ, ಅದನ್ನು ಕಾದ ಮೈಗೆ ಒಮ್ಮೆಲೇ ಹೊಯ್ದುಕೊಂಡರೆ ಬಿಪಿ ಥಟ್ಟನೆ ಏರುತ್ತದೆ, ನಲವತ್ತು ದಾಟಿದವರಿಗೆ ಇದು ಆಟದ ವಿಷಯ ಅಲ್ಲ. ತಣ್ಣೀರು ಬೇಕೇ ಬೇಕು ಅನ್ನುವವರು ಪಾದ, ಮೊಣಕಾಲು, ಕೈ, ಹೀಗೆ ಮೇಲೆ ಬನ್ನಿ. ಮೊದಲ ಚೊಂಬು ತಲೆಗೆ ಬೇಡ.

ಎರಡನೇ ಸುತ್ತು ಬೇಕಿದ್ದರೆ ಈಗ ಹತ್ತು ನಿಮಿಷ. ಮೊದಲ ತಿಂಗಳು ಒಂದೇ ಸುತ್ತು ಸಾಕು.

ಕುಡಿಯುವುದು: ಒಂದು ಕಂತಿಗೆ ಅರ್ಧ ಲೀಟರಿನಷ್ಟು ಬೆವರು ಹೋಗುವುದು ಸಾಮಾನ್ಯ. ತೂಕ ಮತ್ತೆ ನೋಡಿ. ಅರ್ಧ ಕೆಜಿ ಇಳಿದಿದ್ದರೆ ಅರ್ಧ ಲೀಟರ್ ನೀರು ಹೋಗಿದೆ ಅಂತ ಲೆಕ್ಕ, ಕೊಬ್ಬು ಕರಗಿದ್ದಲ್ಲ. ಊಟದೊಳಗೆ ಅಷ್ಟನ್ನೂ ಗುಟುಕು ಗುಟುಕಾಗಿ ವಾಪಸ್ ಕೊಡಿ. ಉಪ್ಪು ಹಾಕಿದ ನೀರು ಮಜ್ಜಿಗೆ ನನಗೆ ಎಲ್ಲಕ್ಕಿಂತ ಇಷ್ಟ. ನಿಂಬೆ ಪಾನಕಕ್ಕೆ ಚಿಟಿಕೆ ಉಪ್ಪು, ಎಳನೀರು, ಯಾವುದಾದರೂ ಸರಿ. ಹಾಂ, ಬೆವರಿನಲ್ಲಿ ವಿಷವೆಲ್ಲ ಹೊರಗೆ ಹೋಗುತ್ತದೆ ಅನ್ನುವ ಮಾತು ನಂಬಬೇಡಿ. ಬೆವರೆಂದರೆ ಮುಖ್ಯವಾಗಿ ನೀರು ಮತ್ತು ಉಪ್ಪು. ಆ ಇನ್ನೊಂದು ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಹಾಗಾದರೆ ಲಾಭ ಏನು? ಫಿನ್ಲೆಂಡಿನ ಕುವೊಪಿಯೊ ಕಡೆ 2315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ ಹೃದಯದ ಕಾಯಿಲೆಯಿಂದ ಸಾಯುವುದು ಕಡಿಮೆ ಕಂಡಿತ್ತು. ಆದರೆ ಅವರು ಚಿಕ್ಕಂದಿನಿಂದ ಸೌನಾದಲ್ಲಿ ಬೆಳೆದವರು, ಗಟ್ಟಿಮುಟ್ಟಾಗಿ ಇರುವವರೇ ಜಾಸ್ತಿ ಸಲ ಹೋಗುತ್ತಿದ್ದಿರಲೂಬಹುದು. ನಾನಂತೂ ನಿದ್ದೆಗೂ ಸೊಂಟಕ್ಕೂ ಮಾಡುತ್ತೇನೆ.

ಮಲಗಿ ಮಾಡುವ ಪಾಲು

ಮೈ ಪೂರ್ತಿ ಆರಿ, ನಾಡಿ ಇಳಿದ ಮೇಲೆ ಹಜಾರದಲ್ಲಿ ಮ್ಯಾಟ್ ಹಾಸಿ. ಗೋಡೆಗೆ ಕಾಲು ಎತ್ತಿಟ್ಟು ಮಲಗುವುದು ಮೊದಲು, ಸೊಂಟದ ಕೆಳಗೆ ಮಡಚಿದ ಕಂಬಳಿ, ಐದರಿಂದ ಎಂಟು ನಿಮಿಷ. ಕಾಲಿಗೆ ಇಳಿದ ರಕ್ತ ಆರಾಮಾಗಿ ವಾಪಸ್ ಬರುತ್ತದೆ, ಆ ಸುಖ ಮಾಡಿಯೇ ನೋಡಬೇಕು. ಆಮೇಲೆ ಸುಪ್ತ ಬದ್ಧಕೋಣಾಸನ, ಅಂಗಾತ ಮಲಗಿ ಅಂಗಾಲು ಜೋಡಿಸಿ, ಮಂಡಿಗಳ ಕೆಳಗೆ ದಿಂಬು ಕೊಟ್ಟು. ಮಲಗಿದಲ್ಲೇ ಬೆನ್ನು ತಿರುಚುವುದು, ಎರಡೂ ಕಡೆ ಎರಡೆರಡು ನಿಮಿಷ. ಬಾಲಾಸನ.

ಇಲ್ಲಿ ಒಂದೇ ನಿಯಮ: ಹಿಗ್ಗುವಷ್ಟು ಹಿಗ್ಗಿಸಬೇಡಿ. ಪೂರ್ತಿ ಹೋಗುತ್ತದೆ ಅನಿಸುವ ಜಾಗದಿಂದ ಮೂರು ಬೆರಳು ಹಿಂದೆ ನಿಲ್ಲಿ. ನನ್ನ ಮೂರು ತಿಂಗಳ ನೋವು ಆ ಮೂರು ಬೆರಳಿನಲ್ಲೇ ಇತ್ತು. ಹನುಮಾನಾಸನ, ಪಶ್ಚಿಮೋತ್ತಾನಾಸನದಲ್ಲಿ ಬೆನ್ನ ಮೇಲೆ ಯಾರಿಂದಲೋ ಒತ್ತಿಸಿಕೊಳ್ಳುವುದು, ಇಂಥದ್ದೆಲ್ಲ ಆವತ್ತು ಬೇಡವೇ ಬೇಡ.

ಎದ್ದು ಕೂತು ಈಗ ಶೀತಲಿ ಹತ್ತು ಸುತ್ತು, ನಾಡಿಶೋಧನ ಐದು ನಿಮಿಷ, ಮನಸ್ಸಿದ್ದರೆ ಭ್ರಾಮರಿ. ಮಳೆಗಾಲದಲ್ಲಿ, ನೆಗಡಿ ಇದ್ದಾಗ ಶೀತಲಿ ಬಿಟ್ಟುಬಿಡಿ. ಕೊನೆಗೆ ಶವಾಸನ, ಹದಿನೈದು ನಿಮಿಷ. ಕಂಬಳಿ ಹೊದ್ದುಕೊಳ್ಳಿ, ತಲೆಗೆ ಒಣ ಟವೆಲ್ ಕಟ್ಟಿ. ನಮ್ಮ ಕಡೆ ಸಂಜೆ ಏಳರ ಗಾಳಿಗೆ ಬೆವರಿ ಆರಿದ ಮೈ ಬೇಗ ನಡುಗುತ್ತದೆ. ನಿದ್ದೆ ಬಂದರೆ ಬರಲಿ, ಯಾರಾದರೂ ಎಬ್ಬಿಸುತ್ತಾರೆ. ಊಟ ಎಂಟೂವರೆಗೆ, ಹಗುರವಾಗಿ. ನಮ್ಮಲ್ಲಿ ಸಾಮಾನ್ಯವಾಗಿ ಗಂಜಿ, ಇಲ್ಲವೇ ಬಿಸಿ ಅನ್ನಕ್ಕೆ ಹುರುಳಿ ಸಾರು.

ವಾರಕ್ಕೆ ಎಷ್ಟು ಸಲ

ಶುರುವಿನಲ್ಲಿ ವಾರಕ್ಕೆ ಒಂದು. ತಿಂಗಳಾದ ಮೇಲೆ ಎರಡು. ಮಳೆಗಾಲ, ಚಳಿಗಾಲದಲ್ಲಿ ಮೂರರ ತನಕ ಹೋಗುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಹಾಸನದ ಬಯಲಿನ ಕಡೆಯವರು ಪೂರ್ತಿ ನಿಲ್ಲಿಸಿದರೂ ನಷ್ಟವಿಲ್ಲ, ಹಗಲೇ ಒಂದು ಸೌನಾ ಆಗಿರುತ್ತದೆ. ಕಾಫಿ ಕುಯ್ಲಿನ ದಿನಗಳಲ್ಲಿ ಇಡೀ ಹಗಲು ತೋಟದಲ್ಲಿ ನಿಂತು ಬಂದವರು ಆಸನದ ಪಾಲು ಬಿಟ್ಟು, ಐದು ನಿಮಿಷ ಬಿಸಿ ಮತ್ತು ಮಲಗಿ ಮಾಡುವುದನ್ನಷ್ಟೇ ಇಟ್ಟುಕೊಳ್ಳಿ, ಮೈ ಅಷ್ಟು ಹೊತ್ತಿಗೆ ಬೇಕಾದಷ್ಟು ಕೆಲಸ ಮಾಡಿರುತ್ತದೆ.

ಟೆಂಟ್ ಒಣಗಿಸುವುದು

ಇದಕ್ಕೇ ಸೋಲುತ್ತಾರೆ ಮಲೆನಾಡಿನವರು. ಮುಗಿದ ತಕ್ಷಣ ಪಾತ್ರೆಯ ನೀರು ಚೆಲ್ಲಬೇಡಿ, ಪೂರ್ತಿ ಆರಲಿ. ಟೆಂಟಿನ ಒಳಭಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ವಲ್ಪ ವಿನೆಗರ್ ಬೆರೆಸಿದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ. ಜಿಪ್ ತೆರೆದು, ಒಳಮೈ ಹೊರಗೆ ಮಾಡಿ, ಅಟ್ಟದ ಜಂತಿಗೆ ನೇತುಹಾಕಿ, ಒಲೆಗೆ ಹತ್ತಿರ ಅಲ್ಲ, ಒಲೆಯ ಕಾವು ತಾಗುವಷ್ಟು ದೂರದಲ್ಲಿ. ಮ್ಯಾಟ್ ಕೂಡ ಅಲ್ಲೇ. ಜುಲೈನಲ್ಲಿ ನಮ್ಮದು ಒಣಗಲು ಎರಡು ದಿನ ಹಿಡಿಯುತ್ತದೆ. ಮೂಸಿ ನೋಡಿ, ಬೂಷ್ಟಿನ ವಾಸನೆ ಸ್ವಲ್ಪ ಬಂದರೂ ಆ ದಿನ ಟೆಂಟಿನೊಳಗೆ ಕೂರಬೇಡಿ, ಹಂಡೆಯ ಮುಚ್ಚಳ ತೆಗೆಯಿರಿ.